ಎಡರೆಕ್ಕೆಯ ಪಾಲು

ನವೆಂಬರ್ ೩

ಅಕ್ಕನಿಗೆ,

ನೀನು ಆರೋಗ್ಯವಾಗಿದ್ದೀಯ ಅಂದುಕೊಂಡಿದ್ದೇನೆ. ಕಾಯಿಲೆಗೂ ನಿನ್ನ ಹತ್ತಿರ ಬರಲು ಧೈರ್ಯ ಬೇಕಲ್ಲ.

ಅಪ್ಪ ಹೋಗಿ, ಪಾಲಾಗಿ, ನಾನು ಆ ಮನೆ ಬಿಟ್ಟ ಮೇಲೆ ಇದೇ ಮೊದಲ ಕಾಗದ. ಸೋತು ಬರೆಯುತ್ತಿದ್ದಾಳೆ ಅಂತ ಬೀಗಬೇಡ. ಕೆಲಸದ ಮಾತಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಇಲ್ಲಿನ ದೊಡ್ಡ ಗಾಳದಂಗಡಿಯಲ್ಲಿ ನನಗೆ ನೊಣ ಕಟ್ಟುವ ಕೆಲಸ ಸಿಕ್ಕಿದೆ. ಕಿಟಕಿಯ ಪಕ್ಕದಲ್ಲಿ ನನ್ನದೇ ಮೇಜು, ಬೇಕಾದ ಕಡೆಗೆ ಬಗ್ಗುವ ದೀಪ. ಗಾಳಕ್ಕೆ ಗರಿ ಕಟ್ಟಿ ಮೀನನ್ನು ಮರುಳು ಮಾಡುವ ಸುಳ್ಳು ನೊಣ ಮಾಡುವುದನ್ನು ನೋಡಲು ಜನ ಗಾಜಿನಾಚೆ ನಿಲ್ಲುತ್ತಾರೆ. ಯಜಮಾನರಿಗೆ ಅಪ್ಪ ಕಟ್ಟುತ್ತಿದ್ದ ಬೂದುರೆಕ್ಕೆಯ ನೊಣ ಗೊತ್ತು. ನಾನು ಅವರ ಮಗಳು ಅಂದಿದ್ದಕ್ಕೇ ಕೆಲಸ ಕೊಟ್ಟರು. ಏಪ್ರಿಲ್‌ನಲ್ಲಿ ಹೊಳೆಯಲ್ಲಿ ಮೀನು ಹಿಡಿಯಲು ಬಿಡುವ ಹೊತ್ತಿಗೆ ಗಾಜಿನ ಪೆಟ್ಟಿಗೆ ತುಂಬ ಆ ನೊಣ ಇರಬೇಕಂತೆ. ಇಲ್ಲದಿದ್ದರೆ ಮೇಜು ಬೇರೆಯವರಿಗೆ.

ಮೊದಲ ಕಂತು ಕಟ್ಟಿಕೊಟ್ಟೆ. ಯಜಮಾನರು ಕೆರೆಗೆ ಎಸೆದು ಎಳೆದರು. ನೊಣ ನೀರಿನಲ್ಲಿ ನೆಟ್ಟಗೆ ಈಜುವ ಬದಲು ತಿರುಪಿನ ಹಾಗೆ ಗಿರಗಿರ ತಿರುಗಿತು, ದಾರವೆಲ್ಲ ಹುರಿಗೊಂಡಿತು. "ಇದೇನಮ್ಮ, ನಿಮ್ಮಪ್ಪ ಹೀಗೆ ಕಟ್ತಿದ್ರಾ?" ಅಂದರು. ಗಾಜಿನಾಚೆ ನಿಂತವರು ನಕ್ಕರು.

ಕಾರಣ ನಿನಗೂ ಗೊತ್ತು. ನೊಣಕ್ಕೆ ಎಡರೆಕ್ಕೆಯ ಗರಿಯಿಂದ ಒಂದು ಸೀಳು, ಬಲರೆಕ್ಕೆಯ ಗರಿಯಿಂದ ಒಂದು ಸೀಳು ಬೇಕು. ಪಾಲಿನ ದಿನ ಅಪ್ಪನ ಬಾತುಕೋಳಿ ಗರಿಯ ಪೆಟ್ಟಿಗೆಗಳಲ್ಲಿ ಎಡರೆಕ್ಕೆಯದೆಲ್ಲ ನಿನಗೆ, ಬಲರೆಕ್ಕೆಯದೆಲ್ಲ ನನಗೆ ಬಂತು. ಹಾಗಾಗಿ ನೀನೂ ಕಟ್ಟುತ್ತಿರಲಾರೆ. ಸುಮ್ಮನೆ ಬಿದ್ದಿರುವ ಆ ಪೆಟ್ಟಿಗೆಯಿಂದ ಅರ್ಧ ಕಳಿಸು. ನನ್ನದರಲ್ಲಿ ಅರ್ಧ ಕಳಿಸುತ್ತೇನೆ. ಇದು ವ್ಯವಹಾರ, ಬೇಡುವುದಲ್ಲ.

ತಂಗಿ

&nbsp;

ನವೆಂಬರ್ ೧೬

ಮಹಾರಾಣಿಯವರಿಗೆ,

ನಾನು ಕ್ಷೇಮ. ನೀನು ಕ್ಷೇಮವಾಗಿಲ್ಲ ಅಂತ ಕೇಳದೆಯೇ ತಿಳಿಯಿತು.

ನೊಣ ಯಾಕೆ ತಿರುಗಿತು ಅಂತ ಅರ್ಧವೇ ಬರೆದಿದ್ದೀಯ. ಉಳಿದರ್ಧ ನಾನು ಬರೆಯುತ್ತೇನೆ. ಎಡದ ಸೀಳಿಲ್ಲ ಅಂತ ಬಲದ ಸೀಳನ್ನೇ ಬೋರಲು ಹಾಕಿ ಕಟ್ಟಿದೆ, ಅಲ್ಲವಾ? ಗಾಜಿನಾಚೆಯ ಜನಕ್ಕೆ ಎಲ್ಲಿ ಗೊತ್ತಾಗುತ್ತದೆ ಅಂತ. ಜನಕ್ಕೆ ಗೊತ್ತಾಗದಿರಬಹುದು, ನೀರಿಗೆ ಗೊತ್ತಾಗುತ್ತದೆ. ಬಲಗಾಲಿನ ಬೂಟನ್ನು ತಲೆಕೆಳಗು ಮಾಡಿ ಎಡಗಾಲಿಗೆ ಹಾಕಿಕೊಂಡು ನಡೆದು ನೋಡು, ನೀನೂ ಹಾಗೇ ಗಿರಗಿರ ತಿರುಗುತ್ತೀಯ.

ಇನ್ನು ಪಾಲಿನ ಮಾತು. ನಮ್ಮ ಸೋದರಮಾವನಿಗೆ ಗರಿಗೂ ಪೊರಕೆಗೂ ವ್ಯತ್ಯಾಸ ಗೊತ್ತಿಲ್ಲ, ಒಪ್ಪುತ್ತೇನೆ. "ಜಗಳ ಯಾಕಮ್ಮ, ನಿಮ್ ನಿಮ್ ಪೆಟ್ಟಿಗೆ ನೀವ್ ನೀವ್ ತಗೊಳ್ಳಿ" ಅಂತ ದೊಡ್ಡ ನ್ಯಾಯ ಹೇಳಿ ಕಾಫಿ ಕುಡಿದು ಹೋದ. ಎರಡೂ ರೆಕ್ಕೆಯ ಗರಿ ಕಿತ್ತು ತೊಳೆಯುವುದು ನನ್ನ ಕೆಲಸವಾಗಿತ್ತು. ತೊಳೆದ ಗರಿಯ ಎಳೆ ಸವರಲು, ನಾನು ಎಡಚಿ ಅಂತ ಅಪ್ಪ ಎಡರೆಕ್ಕೆಯ ಮೇಜಿಗೆ ಕೂರಿಸಿದ್ದ, ನಿನ್ನನ್ನು ಬಲದ ಮೇಜಿಗೆ. ಬೆರೆತು ಹೋಗಬಾರದು ಅಂತ ಒಬ್ಬರ ಪೆಟ್ಟಿಗೆಗೆ ಇನ್ನೊಬ್ಬರು ಕೈ ಹಾಕುವಂತಿರಲಿಲ್ಲ. ಮಾವನಿಗೆ ಅದು ಗೊತ್ತಿಲ್ಲ. ನಿನಗೆ ಗೊತ್ತಿತ್ತಲ್ಲ? ಬಾಯಿಗೆ ಏನಾಗಿತ್ತು? ಬೇರೆ ಮಾತಿಗಾದರೆ ಅದು ಚೆನ್ನಾಗಿಯೇ ತೆರೆದುಕೊಂಡಿತ್ತು. "ಅವ್ಳಿಗೆ ಕಟ್ಟೋಕೆಲ್ಲಿ ಬರುತ್ತೆ ಮಾವ, ಅವ್ಳು ಗರಿ ತೊಳಿಯೋಳು" ಅಂದೆ. ಪಕ್ಕದ ಮನೆಯವರೂ ಇದ್ದರು.

ನನ್ನ ಬಗ್ಗೆ ಚಿಂತೆ ಬೇಡ. ಇಲ್ಲಿ ಕೈತುಂಬ ಕೆಲಸ, ಬೆಳಗಿನಿಂದ ಸಂಜೆಯವರೆಗೆ ಗರಿಯಲ್ಲೇ ಮುಳುಗಿರುತ್ತೇನೆ. ಆ ಮಾತನ್ನು ಬಾಯಿಬಿಟ್ಟು ವಾಪಸು ತಗೋ, ಅರ್ಧವಲ್ಲ, ಇಡೀ ಪೆಟ್ಟಿಗೆ ಕಳಿಸುತ್ತೇನೆ. ಅಲ್ಲಿಯವರೆಗೂ ನಿನ್ನ ಕಿಟಕಿ ಪಕ್ಕದ ಮೇಜಿನಲ್ಲಿ ನಿಜವಾದ ನೊಣ ಹೊಡೆಯುತ್ತಾ ಕೂತಿರು.

ಬರೀ ತೊಳೆಯುವವಳಾದ
ನಿನ್ನ ಅಕ್ಕ

&nbsp;

ನವೆಂಬರ್ ೨೪

ಅಕ್ಕನಿಗೆ,

ಆ ಮಾತು ವಾಪಸು ತಗೊಳ್ಳುವುದಿಲ್ಲ. ನಿನ್ನ ಪೆಟ್ಟಿಗೆಯ ಮೇಲೆ ನೀನೇ ಕಾವು ಕೂತಿರು, ಮರಿಯಾದರೆ ತಿಳಿಸು.

ಬಾತುಕೋಳಿಗೆ ಎರಡು ರೆಕ್ಕೆ ಇರುತ್ತವೆ, ಅದನ್ನು ಮಾರುವವನು ಈ ಊರಿನಲ್ಲೂ ಇದ್ದಾನೆ. ಇವತ್ತೇ ಒಂದು ಚೀಲ ರೆಕ್ಕೆ ತಂದಿದ್ದೇನೆ. ಎಡದ್ದನ್ನೂ ನಾನೇ ಹಸನು ಮಾಡಿಕೊಳ್ಳುತ್ತೇನೆ. ತೊಳೆದು ಒಣಗಿಸುವುದೇನು ಬ್ರಹ್ಮವಿದ್ಯೆಯಾ?

ತಂಗಿ

&nbsp;

ಡಿಸೆಂಬರ್ ೧೯

ಬ್ರಹ್ಮವಿದ್ಯಾ ಪಾರಂಗತೆಗೆ,

ನಿನ್ನ ಲಕೋಟೆ ಬಂತು. ಒಳಗೆ ಒಂದೇ ಒಂದು ಗರಿ, ಕಾಗದವಿಲ್ಲ. ಏನು ತಪ್ಪಾಗಿದೆ ಅಂತ ಕೇಳುವುದಕ್ಕೂ ಬಿಗುಮಾನ. ಬಿಗುಮಾನಕ್ಕೂ ಅಂಚೆಚೀಟಿ ಅಂಟಿಸಿದ ಮೊದಲನೆಯವಳು ನೀನೇ ಇರಬೇಕು.

ಗರಿ ನೋಡಿದೆ. ನೋಡಿದೆ ಅನ್ನುವುದಕ್ಕಿಂತ ಮೊದಲು ಮೂಗಿಗೆ ಬಡಿಯಿತು. ದಂಟಿನ ಬುಡದಲ್ಲಿ ಮಾಂಸದ ಚೂರು ಹಾಗೇ ಇದೆ. ಸೊಪ್ಪು ಕಿತ್ತ ಹಾಗೆ ಮುಷ್ಟಿಯಲ್ಲಿ ಹಿಡಿದು ಕಿತ್ತಿದ್ದೀಯ. ಇಕ್ಕಳದಿಂದ ಬುಡದಲ್ಲಿ ಹಿಡಿದು, ಗರಿ ಬೆಳೆದ ದಿಕ್ಕಿಗೇ ಒಂದೊಂದಾಗಿ ಎಳೆಯಬೇಕು. ಎಳೆಗಳು ಹಲ್ಲು ಮುರಿದ ಬಾಚಣಿಗೆಯ ಹಾಗೆ ಬಿಟ್ಟುಕೊಂಡಿವೆ. ಕುದಿಯುವ ನೀರು ಸುರಿದು ಬಟ್ಟೆ ಒಗೆಯುವ ಪುಡಿ ಹಾಕಿದ್ದೀಯ, ಗರಿಯಲ್ಲಿದ್ದ ಎಣ್ಣೆಯೆಲ್ಲ ಚರಂಡಿಗೆ ಹೋಗಿದೆ. ಆಮೇಲೆ ತುದಿ ಸುರುಳಿ ಸುತ್ತಿದೆ. ನಿನ್ನ ಕೂದಲು ಒಣಗಿಸುವ ಯಂತ್ರ ಹಿಡಿದೆಯಾ? ಹಿಡಿದಿರುತ್ತೀಯ. ನೀನು ಚಿಕ್ಕಂದಿನಿಂದಲೂ ಒಣಗುವುದಕ್ಕೆ ಬಿಡದ ಹೆಂಗಸು, ಅಂಗಳದಲ್ಲಿ ಹಾಕಿದ ಬಟ್ಟೆಯನ್ನು ಹಸಿಯಲ್ಲೇ ತೆಗೆದು ಉಡುತ್ತಿದ್ದೆ.

ನಾನು ಕಲಿಸುತ್ತಿಲ್ಲ. ಅಷ್ಟು ಒಳ್ಳೆಯ ಗರಿ ಹಾಳಾಗಿದ್ದನ್ನು ನೋಡಲಾಗದೆ ಬರೆಯುತ್ತಿದ್ದೇನೆ. ತಂದ ರೆಕ್ಕೆಯನ್ನು ಮೊದಲು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಫ್ರೀಜರಿನಲ್ಲಿಡು, ನುಸಿಯ ಮೊಟ್ಟೆ ಸಾಯಬೇಕು. ತೆಗೆದು ಹೊರಗಿಡು, ಮತ್ತೆ ಒಳಗಿಡು. ಒಂದು ಸಲದ ಚಳಿಗೆ ಜಗ್ಗದ ನುಸಿ ಎರಡನೆಯದಕ್ಕೆ ಜಗ್ಗುತ್ತದೆ. ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು ಹನಿ ಲೆಕ್ಕದಲ್ಲಿ. ಬೆರಳು ಬುಡದಿಂದ ತುದಿಗೆ ಹೋಗಬೇಕು, ಹಿಂದಕ್ಕೆ ಬರಬಾರದು. ಹಳೆಯ ಪತ್ರಿಕೆಗಳ ನಡುವೆ ಒತ್ತಿ, ನೆರಳಿನಲ್ಲಿ ಗಾಳಿಯಾಡುವ ಕಡೆ ಬಿಟ್ಟು ನಿನ್ನ ಪಾಡಿಗೆ ನೀನಿರು. ಸುಮ್ಮನಿರುವುದೇ ನಿನಗೆ ಎಲ್ಲಕ್ಕಿಂತ ಕಷ್ಟ, ನನಗೆ ಗೊತ್ತು.

ನೀನು ಕಳಿಸಿದ ಗರಿಯನ್ನು ಕಸದ ಬುಟ್ಟಿಗೆ ಹಾಕಿದೆ. ಬುಟ್ಟಿಯೂ ಮೂಗು ಮುಚ್ಚಿಕೊಂಡಿತು.

ಅಕ್ಕ

&nbsp;

ಜನವರಿ ೪

ಅಕ್ಕನಿಗೆ,

ನೀನು ಬರೆದಿದ್ದನ್ನು ನಾನು ಮಾಡಿದೆ ಅಂತಲ್ಲ, ನನಗೇ ಹಾಗೆ ಮಾಡೋಣ ಅನ್ನಿಸಿತ್ತು. ವಾಸನೆ ಹೋಗಿದೆ. ಆದರೂ ಸೀಳು ಕತ್ತರಿಸಿ ದಾರ ಬಿಗಿದ ತಕ್ಷಣ ಎಳೆಗಳು ಬಿಚ್ಚಿಕೊಳ್ಳುತ್ತವೆ. ಬಲದ್ದು ಹಾಗಾಗುವುದಿಲ್ಲ, ಎಡದ್ದೇ ಆಗುವುದು. ಒಂದು ಗರಿ ಇಟ್ಟಿದ್ದೇನೆ. ಈ ಸಲ ಕಾಗದವನ್ನೂ ಇಟ್ಟಿದ್ದೇನೆ, ಸಂತೋಷವಾಯಿತಾ?

ಯಜಮಾನರು ಪ್ಲಾಸ್ಟಿಕ್ ರೆಕ್ಕೆಗಳ ಒಂದು ಡಬ್ಬಿ ತರಿಸಿ ನನ್ನ ಮೇಜಿನ ಮೇಲಿಟ್ಟರು. "ಇದಕ್ಕೆ ಎಡ ಬಲ ಅನ್ನೋ ತಾಪತ್ರಯ ಇಲ್ಲಮ್ಮ. ಯಾರ್ ಬೇಕಾದ್ರೂ ಕಟ್ಟಬಹುದು" ಅಂದರು. ಯಾರು ಬೇಕಾದರೂ ಕಟ್ಟಬಹುದಾದರೆ ನನ್ನನ್ನು ಯಾಕೆ ಇಟ್ಟುಕೊಳ್ಳುತ್ತಾರೆ, ಹೇಳು. ಏಪ್ರಿಲ್‌ವರೆಗೆ ಕಾಯುತ್ತಾರಂತೆ. ನನಗೆ ಭಯವಾಗುತ್ತಿದೆ ಅಕ್ಕ. ಈ ಮೇಜು ಹೋದರೆ ನನಗೆ ಬೇರೆ ಏನೂ ಬರುವುದಿಲ್ಲ.

ಭಯದ ಮಾತನ್ನು ಹೊಡೆದು ಹಾಕೋಣ ಅಂದುಕೊಂಡೆ. ಇನ್ನೊಂದು ಹಾಳೆ ದಂಡ ಅಂತ ಬಿಟ್ಟಿದ್ದೇನೆ.

ತಂಗಿ

&nbsp;

ಜನವರಿ ೧೩

ತಂಗಿಗೆ,

ಪ್ಲಾಸ್ಟಿಕ್ ರೆಕ್ಕೆ! ನಿನ್ನ ಯಜಮಾನನಿಗೆ ಹೇಳು, ಮೀನನ್ನೂ ಪ್ಲಾಸ್ಟಿಕ್ಕಿನದೇ ತರಿಸಿ ಹೊಳೆಗೆ ಬಿಡಲಿ, ಎಲ್ಲರ ತಾಪತ್ರಯವೂ ಮುಗಿಯುತ್ತದೆ. ಅಂಥವನ ಬಾಯಲ್ಲಿ ಅಪ್ಪನ ಹೆಸರು ಬರುವುದೇ ನನಗೆ ಸರಿಬರುವುದಿಲ್ಲ. ಆದರೆ ಮೇಜು ಅವನದು, ಕಲಿಯದೆ ಕೂತಿರುವ ದಡ್ಡಿ ನನ್ನ ತಂಗಿ, ಏನು ಮಾಡುವುದು.

ಈ ಗರಿಯನ್ನು ಕಸಕ್ಕೆ ಹಾಕಲಿಲ್ಲ. ಒಲೆಯ ಪಕ್ಕದ ಗೋಡೆಗೆ ಗುಂಡುಸೂಜಿಯಲ್ಲಿ ಚುಚ್ಚಿದ್ದೇನೆ, ದಡ್ಡತನ ಹೇಗಿರುತ್ತದೆ ಅಂತ ದಿನಾ ನೋಡುವುದಕ್ಕೆ. ಚೆನ್ನಾಗಿ ತೊಳೆದಿದ್ದೀಯ. ಅದನ್ನು ಇನ್ನೊಂದು ಸಲ ಹೇಳುವುದಿಲ್ಲ.

ತಪ್ಪು ತೊಳೆದದ್ದರಲ್ಲಿಲ್ಲ, ನಿನ್ನ ಕೈಯಲ್ಲಿದೆ. ಗರಿಯ ಉಬ್ಬಿದ ಮೈ ನಿನ್ನ ಕಡೆಗೆ, ತುದಿ ಮೇಲಕ್ಕೆ ಬರುವಂತೆ ಹಿಡಿ. ಬಲರೆಕ್ಕೆಯದಾದರೆ ಅಗಲದ ಮಗ್ಗುಲು ಬಲಕ್ಕಿರುತ್ತದೆ. ನೀನು ಎಡಗೈಯಲ್ಲಿ ದಂಟು ಹಿಡಿದು ಬಲಗೈ ಬೆರಳಲ್ಲಿ ಎಳೆ ಸವರಿ ಕೂಡಿಸುತ್ತೀಯ, ಹುಟ್ಟಿದಾಗಿನಿಂದ ಅದೇ ರೂಢಿ. ಎಡರೆಕ್ಕೆಯದಕ್ಕೆ ಅಗಲದ ಮಗ್ಗುಲು ಎಡಕ್ಕಿರುತ್ತದೆ. ಆಗಲೂ ನೀನು ಅದೇ ಬಲಗೈಯನ್ನು ದಂಟಿನ ಮೇಲಿಂದ ಆಚೆಗೆ ಹಾಯಿಸಿ ಸವರುತ್ತಿದ್ದೀಯ. ಬೆರಳು ಅಡ್ಡ ಬೀಳುತ್ತದೆ, ಎಳೆಗಳ ನಡುವಿನ ಕೊಂಡಿ ಕಳಚುತ್ತದೆ. ಈ ಗರಿಯ ಮೇಲೆ ನಿನ್ನ ಹೆಬ್ಬೆರಳು ಬಿದ್ದ ಜಾಗ ನನಗೆ ಕಾಣುತ್ತದೆ. ಇದಕ್ಕೆ ಬಲಗೈಯಲ್ಲಿ ದಂಟು, ಎಡಗೈಯಲ್ಲಿ ಕೆಲಸ. ನಿನ್ನ ಎಡಗೈ ಇಲ್ಲಿಯವರೆಗೂ ಬಳೆ ಹಾಕಿಕೊಂಡಿದ್ದು ಬಿಟ್ಟರೆ ಬೇರೇನೂ ಮಾಡಿಲ್ಲ.

ಅದಕ್ಕೆ ಕೆಲಸ ಹಚ್ಚು. ಹಲ್ಲುಜ್ಜುವುದು, ತಲೆ ಬಾಚುವುದು, ಗುಂಡಿ ಹಾಕುವುದು, ಬೀಗ ತೆಗೆಯುವುದು ಎಲ್ಲ ಎಡಗೈಯಲ್ಲಿ. ಚಮಚ ಮೂಗಿಗೆ ಹೋಗುತ್ತದೆ, ಹೋಗಲಿ. ನಿನ್ನ ಮೂಗು ಸ್ವಲ್ಪ ಕೆಳಗಿಳಿಯುವುದು ಒಳ್ಳೆಯದೇ. ಕೈ ಪಳಗುವ ತನಕ ಒಳ್ಳೆಯ ಗರಿ ಮುಟ್ಟಬೇಡ, ಕೆಟ್ಟವನ್ನೇ ಸವರು.

ಇನ್ನೊಂದು. ರೆಕ್ಕೆಯ ಹೊರ ಅಂಚಿನ ಗರಿ ಬಿರುಸು, ಒಳಗಿನದು ಮೆದು, ನಡುವಿನವೇ ಕೆಲಸಕ್ಕೆ ಬರುವುದು. ಎಡದ ಮೂರನೆಯದಕ್ಕೆ ಬಲದ ಮೂರನೆಯದೇ ಜೋಡಿ. ಐದನೆಯದನ್ನು ತಂದು ಕಟ್ಟಿ ಅಕ್ಕ ಹೇಳಿದ ಹಾಗೆ ಮಾಡಿದೆ ಅನ್ನಬೇಡ. ತುದಿ ಸೊಟ್ಟಗಾಗಿದ್ದರೆ ಕೆಟಲಿನ ಹಬೆಗೆ ಒಂದು ಉಸಿರಿನಷ್ಟು ಹೊತ್ತು ತೋರಿಸಿ ಬೆರಳಲ್ಲಿ ತೀಡು.

ಏಪ್ರಿಲ್‌ಗೆ ಹೊತ್ತಿದೆ. ನಿನ್ನ ತಲೆಗೆ ಹೋಗುವಷ್ಟು ಹೊತ್ತಿದೆಯೋ ಇಲ್ಲವೋ ಕಾಣೆ.

ಅಕ್ಕ

&nbsp;

ಫೆಬ್ರವರಿ ೨೦

ಅಕ್ಕನಿಗೆ,

ಎಡಗೈಗೆ ನೋವು ಬಂದು, ನೋವು ಹೋಯಿತು. ಈಗ ಅದು ನನ್ನ ಮಾತು ಕೇಳುತ್ತದೆ. ಅಂಗಡಿಯಲ್ಲಿ ನಾನು ಎಡಗೈಯಲ್ಲಿ ಟೀ ಕುಡಿಯುವುದನ್ನು ನೋಡಿ ಯಜಮಾನರು ಕೈಗೇನಾಯಿತು ಅಂತ ಕೇಳಿದರು. ಹಠ ಆಗಿದೆ ಅಂದೆ.

ಆದರೆ ಇದನ್ನು ಬರೆಯುವುದಕ್ಕೆ ಕೂತವಳಲ್ಲ. ನಿನ್ನೆ ಸೋದರಮಾವ ಅಂಗಡಿಗೆ ಬಂದಿದ್ದ. ಊರಿನ ಸುದ್ದಿಯೆಲ್ಲ ಆದ ಮೇಲೆ, "ನಿಮ್ಮಕ್ಕ ದಿಂಬಿನ ಕಾರ್ಖಾನೆಗೆ ಹೋಗ್ತಾಳಲ್ಲಮ್ಮ, ನಿಂಗೊತ್ತಿಲ್ವಾ? ನೀನು ಹೋದಾಗಿಂದ ಅಲ್ಲೇ" ಅಂದ. ಕೈತುಂಬ ಕೆಲಸ ಅಂದೆಯಲ್ಲ! ಬೆಳಗಿನಿಂದ ಸಂಜೆಯವರೆಗೆ ಗರಿಯಲ್ಲೇ ಮುಳುಗಿರುತ್ತೇನೆ ಅಂದೆಯಲ್ಲ! ಮುಳುಗದೆ ಇನ್ನೇನು. ಎಡ ಯಾವುದು ಬಲ ಯಾವುದು ಅಂತ ನೋಡದೆ ತುಪ್ಪುಳನ್ನು ಚೀಲಕ್ಕೆ ತುರುಕಿ ಬಾಯಿ ಹೊಲಿಯುವ ಕೆಲಸ. ನೀನು! ಹೆಬ್ಬೆರಳು ಬಿದ್ದ ಜಾಗ ಕಂಡುಹಿಡಿಯುವವಳು!

ನಾಚಿಕೆಯಾಗಬೇಕು ನಿನಗೆ. ಇಂಥ ಕೈ ಇಟ್ಟುಕೊಂಡು ಊರವರ ತಲೆ ಇಡುವುದಕ್ಕೆ ದಿಂಬು ತುಂಬುತ್ತೀಯಾ? ಬಲರೆಕ್ಕೆ ನಿನ್ನ ಹತ್ತಿರ ಇಲ್ಲದಿದ್ದರೆ ಮಾರುಕಟ್ಟೆಯಲ್ಲಿ ಇರಲಿಲ್ಲವಾ? ಕಾಗದ ಬರೆದು ಕೇಳಿದ್ದರೆ ನಾನು ಕೊಡುತ್ತಿರಲಿಲ್ಲವಾ? ಕೊಡುತ್ತಿರಲಿಲ್ಲ ಅಂತಿಟ್ಟುಕೊ, ಕೇಳಿ ಬೈಸಿಕೊಳ್ಳಬಹುದಿತ್ತಲ್ಲ, ನಾನು ಬೈಸಿಕೊಂಡ ಹಾಗೆ! ಮನೆಗೆ ಬಂದವಳೇ ನನ್ನ ದಿಂಬನ್ನು ಮೂಲೆಗೆ ಎಸೆದೆ. ಸಿಟ್ಟಿಗೆ ಅಳು ಬಂತು.

ತಂಗಿ

&nbsp;

ಫೆಬ್ರವರಿ ೨೭

ಮಾವನ ನಾಲಿಗೆಗೆ ಮೂಳೆಯಿಲ್ಲ, ನಿನಗೆ ಕೆಲಸವಿಲ್ಲ.

ದಿಂಬಿನವರು ಮರ್ಯಾದೆಯಿಂದ ಮಾತಾಡಿಸುತ್ತಾರೆ. ಅಲ್ಲಿ ಯಾರೂ ನನ್ನನ್ನು ಬರೀ ತೊಳೆಯೋಳು ಅಂತ ಆಡಿಕೊಳ್ಳುವುದಿಲ್ಲ. ನಾನು ಯಾರನ್ನೂ ಏನೂ ಕೇಳುವವಳಲ್ಲ, ಕೇಳಿಯೂ ಇಲ್ಲ. ನಿನ್ನ ಕನಿಕರವನ್ನು ನಿನ್ನ ಯಜಮಾನನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಡು.

ಇನ್ನು ಮೇಲೆ ಗರಿ ಕಳಿಸಬೇಡ, ಕಾಗದವನ್ನೂ ಬರೆಯಬೇಡ.

&nbsp;

ಮಾರ್ಚ್ ೩೦

ಅಕ್ಕನಿಗೆ,

ಬರೆಯಬೇಡ ಅಂದಿದ್ದೀಯ. ನಿನ್ನ ಮಾತು ನಾನು ಯಾವಾಗ ಕೇಳಿದ್ದೇನೆ?

ನಿನ್ನೆ ಯಜಮಾನರು ಕೆರೆಗೆ ಕರೆದುಕೊಂಡು ಹೋದರು. ಪ್ಲಾಸ್ಟಿಕ್ಕಿನದು ಒಂದು, ನನ್ನದು ಒಂದು, ಎರಡೂ ಎಸೆದರು. ಪ್ಲಾಸ್ಟಿಕ್ಕಿನದು ಕಸದ ಹಾಗೆ ತೇಲಿ ಬಂತು. ನನ್ನ ನೊಣ ನೀರಿನಡಿಯಲ್ಲಿ ಎರಡೂ ರೆಕ್ಕೆ ಜೋಡಿಸಿಕೊಂಡು ನೆಟ್ಟಗೆ ಬಂತು, ಒಂದು ಸುತ್ತೂ ತಿರುಗಲಿಲ್ಲ. ದಾರ ಹುರಿಗೊಳ್ಳಲಿಲ್ಲ. ಇನ್ನೊಂದು ಸಲ ಎಸೆದು ಎಳೆದರು, ಮತ್ತೊಂದು ಸಲ ಎಳೆದರು. ಆಮೇಲೆ ದಾರ ಸುತ್ತುತ್ತಾ, "ಡಬ್ಬಿ ವಾಪಸ್ ಕಳಿಸ್ತೀನಿ ಬಿಡಮ್ಮ" ಅಂದರು. ಮೇಜು ನನಗೆ ಉಳಿಯಿತು. ಆ ನೊಣವನ್ನೇ ಇದರ ಜೊತೆ ಇಟ್ಟಿದ್ದೇನೆ, ಗಾಳಕ್ಕೆ ಬೆಂಡು ಚುಚ್ಚಿದ್ದೇನೆ, ಹುಷಾರಾಗಿ ತೆಗಿ. ಎಡದ ಮೂರನೆಯದು, ಬಲದ ಮೂರನೆಯದು.

ಹಾಗಾಗಿ ನಿನ್ನ ಪೆಟ್ಟಿಗೆ ಇನ್ನು ನನಗೆ ಬೇಡ. ಅದನ್ನು ನೆಟ್ಟಗೆ ಹೇಳುವುದಕ್ಕೇ ಬರೆಯುತ್ತಿದ್ದೇನೆ. ಎರಡು ಕೈಯೂ ನನಗೆ ಈಗ ಬರುತ್ತದೆ. ನಿನಗೆ ಒಂದೇ. ಲೆಕ್ಕ ಹಾಕಿ ನೋಡಿದರೆ ನಮ್ಮಿಬ್ಬರಲ್ಲಿ ಈಗ ಕೆಲಸ ಬಾರದವಳು ನೀನು. ಓದಿ ಹೊಟ್ಟೆ ಉರಿಯಲಿ ಅಂತಲೇ ಬರೆದೆ.

ಪಾಲಿನ ದಿನ ಆಡಿದ ಮಾತನ್ನು ವಾಪಸು ತಗೊಳ್ಳುವುದಿಲ್ಲ ಅಂದಿದ್ದೆ. ಈಗಲೂ ತಗೊಳ್ಳುವುದಿಲ್ಲ. ತೊಳೆಯೋಳು ಅಂದಿದ್ದು ನಿಜವೇ. ಅದು ಎಷ್ಟು ದೊಡ್ಡ ಕೆಲಸ ಅಂತ ನನಗೆ ಗೊತ್ತಿರಲಿಲ್ಲ, ಅಷ್ಟೇ. ಗೊತ್ತಿಲ್ಲದ ಕೆಲಸವನ್ನು ಹಂಗಿಸಿದವಳು ಎಷ್ಟು ದಡ್ಡಿ ಅನ್ನುವುದನ್ನು ನೀನೇ ಬರಿ, ನಿನಗೆ ಚೆನ್ನಾಗಿ ಬರೆಯಲು ಬರುತ್ತದೆ.

ನನ್ನ ಬಲದ ಪೆಟ್ಟಿಗೆಯನ್ನು ಕಳಿಸೋಣ ಅಂತ ಹೊಲಿಗೆ ಹಾಕಿ ಕಟ್ಟಿದ್ದೆ. ಬಿಚ್ಚಿಬಿಟ್ಟೆ. ಕಳಿಸಿದರೆ ಮುಖಕ್ಕೆ ಎಸೆದ ಹಾಗೆ ವಾಪಸು ಕಳಿಸುತ್ತೀಯ, ಅಂಚೆಯವನಿಗೆ ದಂಡದ ಭಾರ. ನನ್ನ ಹಾಗೆ ಒಂದು ಚೀಲ ರೆಕ್ಕೆ ತಂದು ಹಾಳು ಮಾಡು. ಬೈಯುವುದಕ್ಕೆ ನಾನಿದ್ದೇನೆ.

ತಂಗಿ

&nbsp;

ಏಪ್ರಿಲ್ ೨೧

ತಂಗಿಗೆ,

ಅಕ್ಷರ ನೋಡಿ ಯಾರೋ ಮಗು ಬರೆದಿದೆ ಅಂದುಕೊಳ್ಳಬೇಡ. ನಾನೇ. ಬಲಗೈಯಲ್ಲಿ ಬರೆಯುತ್ತಿದ್ದೇನೆ. ಅದಕ್ಕೇ ಚಿಕ್ಕ ಕಾಗದ. ಬೈಯುವುದು ಬೇಕಾದಷ್ಟಿದೆ, ಬೆರಳು ನೋಯುತ್ತದೆ.

ನಿನ್ನ ನೊಣದ ತಲೆಯ ಗಂಟು ದಪ್ಪವಾಯಿತು. ರೆಕ್ಕೆ ಪರವಾಗಿಲ್ಲ.

ದಿಂಬಿನವರಿಗೆ ಬರುವುದಿಲ್ಲ ಅಂತ ಹೇಳಿದೆ. ಮೇಜು ಒರೆಸಿದೆ, ನೀನು ಕೂರುತ್ತಿದ್ದ ಬಲಗಡೆಯದು. ಇಲ್ಲಿಯವರೆಗೂ ಆ ಕುರ್ಚಿಯಲ್ಲಿ ನಾನು ಕೂತಿರಲಿಲ್ಲ.

ಗರಿ ಒಂದು ಇಟ್ಟಿದ್ದೇನೆ. ಬಲರೆಕ್ಕೆಯದು. ಎಲ್ಲಿ ಕೆಟ್ಟಿದೆ ನೋಡಿ ಬರಿ. ಅಕ್ಕ ಅಂತ ಮುಖ ನೋಡಬೇಡ.

ಅಕ್ಕ